ಕಾಫಿ ತೋಟದ ರ‍್ಯಾಲಿ: ದೊಡ್ಡ ಸೆನ್ಸರ್ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಚಿತ್ರೀಕರಿಸುವ ಬಗೆ

ರ‍್ಯಾಲಿ ಕಾರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಚಿಕ್ಕಮಗಳೂರಿನ ಯಾವುದೋ ಕಾಫಿ ತೋಟದೊಳಗೆ, ಹೇರ್‌ಪಿನ್ ತಿರುವಿನ ಮೇಲಿನ ಧರೆಯಲ್ಲಿ, ಅಂದರೆ ರಸ್ತೆ ಬದಿಯ ಮಣ್ಣಿನ ದಿಬ್ಬದಲ್ಲಿ, ನಿಂತಿದ್ದೀರಿ ಎಂದುಕೊಳ್ಳಿ. ಮೊದಲು ಕಣಿವೆಯ ಆಚೆ ಬದಿಯಿಂದ ಎಂಜಿನ್ನಿನ ಮೊರೆತ ಬರುತ್ತದೆ. ಗುಡ್ಡ ಅಡ್ಡವಾದಾಗ ಅದು ಅಡಗಿ, ಇನ್ನಷ್ಟು ಹತ್ತಿರದಲ್ಲಿ ಮತ್ತೆ ಏಳುತ್ತದೆ. ಕೆಳಗಿನ ತಿರುವಿನಲ್ಲಿ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಸೀಟಿ ಊದುತ್ತಾರೆ. ಅಲ್ಲಿಂದ ಮುಂದೆ ನಿಮಗೆ ಉಳಿದಿರುವುದು ಕೆಲವೇ ಸೆಕೆಂಡು. ಕಾರು ತಿರುವಿಗೆ ನುಗ್ಗುತ್ತದೆ, ಹಿಂಬದಿ ಜಾರುತ್ತದೆ, ಚಕ್ರದಡಿಯ ಜಲ್ಲಿ ಕಾಫಿ ಎಲೆಗಳ ಮೇಲೆ ಆಲಿಕಲ್ಲಿನಂತೆ ಪಟಪಟನೆ ಬಡಿಯುತ್ತದೆ. ಆಮೇಲೆ ಕೆಂಪು ಧೂಳು, ಮೌನ. ಸ್ವಲ್ಪ ಹೊತ್ತಿಗೆ ಹಕ್ಕಿಗಳು ಮತ್ತೆ ಕೂಗತೊಡಗುತ್ತವೆ.

ಈ ಕೆಲವು ಸೆಕೆಂಡುಗಳನ್ನು ಟ್ರೈಪಾಡ್ ಇಲ್ಲದೆ, ದೊಡ್ಡ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಇರುವ ವಿಡಿಯೊ ಕ್ಯಾಮೆರಾದಲ್ಲಿ ಸೆರೆಹಿಡಿಯುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮೊದಲ ರ‍್ಯಾಲಿಯಲ್ಲಿ 200 ಎಂಎಂ ಲೆನ್ಸಿನ ಅಪರ್ಚರನ್ನು (ಬೆಳಕು ಒಳಬರುವ ಕಂಡಿಯನ್ನು) ಪೂರ್ತಿ ತೆರೆದಿಟ್ಟುಕೊಂಡು ಬಂದ ಕಾರನ್ನೆಲ್ಲ ಬೆನ್ನಟ್ಟಿದೆ. ರಾತ್ರಿ ಕೂತು ನೋಡಿದರೆ ಸ್ಪಷ್ಟವಾಗಿದ್ದದ್ದು ಕಾರಿನ ಹಿಂದಿನ ಧೂಳು ಮಾತ್ರ. ಅಂದಿನಿಂದ ಕಲಿತದ್ದನ್ನೆಲ್ಲ ಒಂದು ಮಾತಿನಲ್ಲಿ ಹೇಳುವುದಾದರೆ, ಕೆಲಸದ ಮುಕ್ಕಾಲು ಪಾಲು ಕಾರು ಬರುವ ಮೊದಲೇ ಮುಗಿದಿರಬೇಕು. ನಿಲ್ಲುವ ಜಾಗ, ಫೋಕಸ್‌ನ ದೂರ, ಪಾದದ ದಿಕ್ಕು ಎಲ್ಲವೂ ಮೊದಲೇ ತೀರ್ಮಾನವಾಗಿರಬೇಕು.

ದೊಡ್ಡ ಸೆನ್ಸರ್ ಎಂದರೆ ಏನು ಬದಲಾಗುತ್ತದೆ?

ಹಿಂದೆ ಮದುವೆ ವಿಡಿಯೊಗಳಿಗೆ ಬಳಸುತ್ತಿದ್ದ ಸಣ್ಣ ಕ್ಯಾಮ್‌ಕಾರ್ಡರ್‌ಗಳ ಸೆನ್ಸರ್ ಬೆರಳಿನ ಉಗುರಿಗಿಂತ ಚಿಕ್ಕದು. ಸುಮಾರು 5 ಎಂಎಂ ಅಗಲವಿದ್ದರೆ ಹೆಚ್ಚು. ಅದರಲ್ಲಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತಿದ್ದರಿಂದ ಫೋಕಸ್ ಬಗ್ಗೆ ತಲೆಕೆಡಿಸಿಕೊಳ್ಳುವ ಪ್ರಸಂಗವೇ ಕಡಿಮೆ. ಸೂಪರ್ 35 ಸೆನ್ಸರ್‌ನ ಅಗಲ ಸುಮಾರು 25 ಎಂಎಂ, ಫುಲ್ ಫ್ರೇಮ್‌ನದು 36 ಎಂಎಂ. ಕ್ಯಾನನ್ ಸಿ70 ಮೊದಲ ವರ್ಗದ್ದು, ಸೋನಿಯ ಎಫ್‌ಎಕ್ಸ್3 ಮತ್ತು ಎಫ್‌ಎಕ್ಸ್6 ಎರಡನೆಯ ವರ್ಗದವು. ಇವುಗಳಲ್ಲಿ ಕಾಣುವ ಮಂಜುಗಟ್ಟಿದಂಥ ಹಿನ್ನೆಲೆ, ಮರದ ನೆರಳಿನಲ್ಲೂ ಉಳಿಯುವ ಬಣ್ಣ ಎಲ್ಲ ಚೆಂದವೇ. ಆದರೆ ಆ ಚೆಂದಕ್ಕೆ ಬೆಲೆ ತೆರಬೇಕು.

ಲೆಕ್ಕ ಹಾಕಿ ನೋಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 200 ಎಂಎಂ ಲೆನ್ಸ್ ಹಾಕಿ, ಅಪರ್ಚರ್ ಎಫ್/2.8 ಇಟ್ಟು, 20 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ಪಟ್ಟಿಯ ಆಳ ಸುಮಾರು 1.7 ಮೀಟರ್. ನಮ್ಮ ರ‍್ಯಾಲಿಗಳಲ್ಲಿ ಬಹಳ ಓಡಿರುವ ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ಉದ್ದವೇ ಸುಮಾರು 4 ಮೀಟರ್. ಅಂದರೆ ಹೆಡ್‌ಲೈಟ್ ಸ್ಪಷ್ಟವಾಗಿದ್ದರೆ ಹಿಂಬಾಗಿಲು ಮಸುಕು. ಅದೇ ಕಾರು 100 ಕಿಲೋಮೀಟರ್ ವೇಗದಲ್ಲಿ ನಿಮ್ಮತ್ತ ಬರುತ್ತಿದ್ದರೆ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಫ್ರೇಮ್‌ನಂತೆ ಚಿತ್ರೀಕರಿಸುವಾಗ ಒಂದು ಫ್ರೇಮ್‌ಗೂ ಮುಂದಿನದಕ್ಕೂ ನಡುವೆ ಕಾರು 1.1 ಮೀಟರ್ ಮುಂದೆ ಬಂದಿರುತ್ತದೆ. ಒಂದೂವರೆ ಫ್ರೇಮ್‌ನಲ್ಲಿ ನಿಮ್ಮ ಸ್ಪಷ್ಟ ಪಟ್ಟಿ ದಾಟಿಹೋಯಿತು.

ಈಗ ಅದೇ ಲೆನ್ಸನ್ನು ಎಫ್/8ಕ್ಕೆ ಇಳಿಸಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು), ಕಾರು ಗಂಟೆಗೆ 36 ಕಿಲೋಮೀಟರ್‌ಗೆ ನಿಧಾನವಾಗುವ ಹೇರ್‌ಪಿನ್ ಆರಿಸಿಕೊಳ್ಳಿ. ಪಟ್ಟಿಯ ಆಳ ಸುಮಾರು 4.8 ಮೀಟರ್ ಆಗುತ್ತದೆ, ಕಾರು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಹನ್ನೆರಡು ಫ್ರೇಮ್‌ಗಳಷ್ಟು, ಅಂದರೆ ಸುಮಾರು ಅರ್ಧ ಸೆಕೆಂಡು, ಅದು ಸ್ಪಷ್ಟ ಪಟ್ಟಿಯೊಳಗೇ ಇರುತ್ತದೆ. ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಮುಂದಿನ ಮಾತುಗಳೆಲ್ಲ ತಾವಾಗಿಯೇ ಹೊಂದಿಕೊಳ್ಳುತ್ತವೆ.

ಅನುಮತಿ, ಆಮೇಲೆ ಜಾಗ

ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆಯುವುದು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ನಿಯಮಗಳಡಿ. ಚಿಕ್ಕಮಗಳೂರಿನ ಸುತ್ತಿರಲಿ, ಕೊಡಗಿನ ರೋಬಸ್ಟಾ ರ‍್ಯಾಲಿಯಿರಲಿ, ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ಇರಲಿ, ಸಂಘಟಕರಿಗೆ ಕೆಲವು ವಾರ ಮೊದಲೇ ಬರೆದು ಮಾಧ್ಯಮ ಪಾಸ್ ಕೇಳಿ. ಹೊಣೆಗಾರಿಕೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡು ಮೇಲಂಗಿ ಕೊಡುತ್ತಾರೆ. ಅದನ್ನು ಬ್ಯಾಗಿನಲ್ಲಿ ಮಡಚಿಡದೆ ಎದ್ದು ಕಾಣುವಂತೆ ತೊಟ್ಟುಕೊಳ್ಳಿ.

ಕಾರುಗಳು ಪೂರ್ತಿ ವೇಗದಲ್ಲಿ ಓಡುವ ಮುಚ್ಚಿದ ರಸ್ತೆಯನ್ನು ಸ್ಪೆಷಲ್ ಸ್ಟೇಜ್ ಎನ್ನುತ್ತಾರೆ. ಮೊದಲ ಕಾರು ಹೊರಡುವುದಕ್ಕೆ ಬಹಳ ಮುಂಚೆಯೇ ಈ ರಸ್ತೆಯನ್ನು ಮುಚ್ಚಿಬಿಡುತ್ತಾರೆ. ಒಳಗಿದ್ದವರು ಕೊನೆಯ ಕಾರು ಹೋಗಿ ರಸ್ತೆ ತೆರೆಯುವವರೆಗೆ ಹೊರಗೆ ಬರುವಂತಿಲ್ಲ. ಹಾಗಾಗಿ ಒಂದು ಸ್ಟೇಜ್‌ಗೆ ಒಂದೇ ಜಾಗ ಎಂದು ಲೆಕ್ಕ ಹಾಕಿ. ಸಮಾಧಾನದ ಸಂಗತಿಯೆಂದರೆ ಒಂದೇ ಸ್ಟೇಜನ್ನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಓಡಿಸುತ್ತಾರೆ. ಮೊದಲ ಸಲ ಹೇರ್‌ಪಿನ್ ಮೇಲೆ ನಿಂತರೆ ಎರಡನೆಯ ಸಲ ನೀರಿನ ಹಾದಿಯ ಬಳಿ ಅಥವಾ ತೋಟದ ಗೇಟಿನ ಬಳಿ ನಿಲ್ಲಬಹುದು.

ಹಿಂದಿನ ದಿನ ತಪ್ಪದೆ ಹೋಗಿ ಜಾಗ ನೋಡಿ ಬನ್ನಿ. ಕಾರುಗಳು ಬರುವ ಹೊತ್ತಿಗೇ ಹೋದರೆ ಇನ್ನೂ ಒಳ್ಳೆಯದು, ಏಕೆಂದರೆ ತೋಟದಲ್ಲಿ ಬೆಳಕು ಅರ್ಧ ಗಂಟೆಯಲ್ಲಿ ಬೇರೆಯೇ ಆಗುತ್ತದೆ. ಬೆಳಿಗ್ಗೆ ಏಳೂವರೆಗೆ ಸಿಲ್ವರ್ ಓಕ್ ಮರಗಳ ಸಂದಿಯಿಂದ ಓರೆಯಾಗಿ ಬೀಳುವ ಬಿಸಿಲು ಹತ್ತು ಗಂಟೆಗೆ ಮೇಲಿನಿಂದ ಇಳಿಯುವ ಚುಕ್ಕೆ ಚುಕ್ಕೆ ಬಿಸಿಲಾಗಿರುತ್ತದೆ. ಸೂರ್ಯ ಕಾರಿನ ಹಿಂದೆ ಬರುವ ಕಡೆ ನಿಂತರೆ ಧೂಳು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಅದೇ ಧೂಳು ಬರೀ ಕಂದು ಗೋಡೆ. ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ಒಂದು ಹಿಡಿ ಮಣ್ಣು ತೂರಿ ನೋಡಿ. ಧೂಳು ನಿಮ್ಮಿಂದ ದೂರ ಹೋಗುವ ಬದಿಯೇ ನಿಮ್ಮದು. ತೋಟದೊಳಗೆ ಗಾಳಿಯಾಡದ ತಗ್ಗಿನಲ್ಲಿ ಧೂಳು ಇಳಿಯುವುದೇ ಇಲ್ಲ. ಒಂದೊಂದು ನಿಮಿಷದ ಅಂತರದಲ್ಲಿ ಬರುವ ಕಾರುಗಳಲ್ಲಿ ಮೊದಲ ಕೆಲವು ಸ್ವಚ್ಛವಾಗಿ ಸಿಕ್ಕು, ಉಳಿದವು ಮಬ್ಬಿನೊಳಗೇ ಬಂದು ಮಬ್ಬಿನೊಳಗೇ ಹೋಗುತ್ತವೆ. ಅಂಥ ತಗ್ಗು ಎಷ್ಟೇ ಸುಂದರವಾಗಿದ್ದರೂ ಬಿಟ್ಟುಬಿಡಿ.

ತೋಟ ಯಾರದೋ ಆಗಿರುತ್ತದೆ ಎಂಬುದೂ ನೆನಪಿರಲಿ. ರ‍್ಯಾಲಿ ಸಾಮಾನ್ಯವಾಗಿ ಬರುವ ನವೆಂಬರ್, ಡಿಸೆಂಬರ್ ಹೊತ್ತಿಗೆ ಅರೇಬಿಕಾ ಹಣ್ಣಾಗಿರುತ್ತದೆ. ಗಿಡದ ನಡುವೆ ನುಗ್ಗಿ ಹಣ್ಣುದುರಿಸುವ ಮೊದಲು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಅವರನ್ನು ಕಂಡು ಒಂದು ಮಾತು ಕೇಳಿದರೆ ಅವರೇ ಒಳ್ಳೆಯ ಧರೆ ತೋರಿಸುತ್ತಾರೆ. ಮಳೆ ನೀರು ಎಲ್ಲಿ ರಸ್ತೆ ಕೊರೆಯುತ್ತದೆ, ಜೀಪು ಎಲ್ಲಿ ಜಾರುತ್ತದೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ.

ಎಲ್ಲಿ ನಿಲ್ಲಬಾರದು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರ‍್ಯಾಲಿ ನಡೆಯುತ್ತಿದ್ದಾಗ ಸ್ಟೇಜ್‌ನೊಳಗೆ ಬಂದ ಬೈಕಿಗೆ ಸ್ಪರ್ಧೆಯ ಕಾರು ಡಿಕ್ಕಿಯಾಗಿ ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ಯಾವ ದೃಶ್ಯವೂ ಒಂದು ಜೀವಕ್ಕೆ ಸಮವಲ್ಲ.

ತಿರುವಿನ ಹೊರಬದಿಯಲ್ಲಿ ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಹೋಗುವುದು ಅಲ್ಲಿಗೇ. ನೇರ ರಸ್ತೆ ಮುಗಿಯುವ ಕಡೆ ಎದುರಾಗಿ ನಿಲ್ಲಬೇಡಿ. ರಸ್ತೆಗಿಂತ ತಗ್ಗಿನಲ್ಲಿ ನಿಲ್ಲಬೇಡಿ. ಜಂಪ್ ಇಳಿಯುವ ಜಾಗದ ಹತ್ತಿರ ಸುಳಿಯಬೇಡಿ. ನಿಮಗೆ ಬೇಕಾದದ್ದು ತಿರುವಿನ ಒಳಬದಿ, ರಸ್ತೆಗಿಂತ ಎತ್ತರದ ಗಟ್ಟಿ ಧರೆ, ಹಿಂದಕ್ಕೆ ಓಡಲು ನಾಲ್ಕು ಹೆಜ್ಜೆ ಖಾಲಿ ಜಾಗ. ಬೆನ್ನಿಗೆ ಬೇಲಿಯೋ ಮರವೋ ತಾಗುತ್ತಿದ್ದರೆ ಅದು ಒಳ್ಳೆಯ ಆಸರೆಯಂತೆ ಕಾಣುತ್ತದೆ, ಆದರೆ ಓಡುವ ದಾರಿಯನ್ನು ಮುಚ್ಚಿಬಿಡುತ್ತದೆ. ಒಮ್ಮೆ ನಾನು ಆರಿಸಿಕೊಂಡಿದ್ದ ಜಾಗ ನೋಡಿ ವಯಸ್ಸಾದ ಮಾರ್ಷಲ್ ಒಬ್ಬರು, “ಅಲ್ಲಿ ಬೇಡ ಸರ್, ಇನ್ನೂ ಎರಡಾಳು ಮೇಲಕ್ಕೆ ಹತ್ತಿ” ಎಂದರು. ಹತ್ತಿದೆ. ಮೂರನೆಯ ಕಾರಿನ ಚಕ್ರ ನಾನು ಮೊದಲು ನಿಂತಿದ್ದ ಕಡೆಯ ಮಣ್ಣನ್ನು ಉತ್ತು ಹೋಯಿತು. ಮಾರ್ಷಲ್‌ಗಳ ಮಾತಿಗೆ ಎದುರಾಡುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಅಪಾಯ ಕ್ಯಾಮೆರಾದ ಒಳಗೇ ಇದೆ. ಅಗಲ ಕೋನದ ಲೆನ್ಸ್‌ನಲ್ಲಿ ಕಾರು ಇರುವುದಕ್ಕಿಂತ ಬಹಳ ದೂರದಲ್ಲಿರುವಂತೆ ಕಾಣುತ್ತದೆ. ವ್ಯೂಫೈಂಡರ್‌ಗೆ ಒಂದು ಕಣ್ಣಿಟ್ಟಾಗ ಇನ್ನೊಂದು ಕಣ್ಣು ತೆರೆದೇ ಇರಲಿ. ಸಾಧ್ಯವಾದರೆ ಒಬ್ಬ ಜೊತೆಗಾರರನ್ನು ಕರೆದೊಯ್ಯಿರಿ. ಅವರ ಕೆಲಸ ಒಂದೇ, ರಸ್ತೆ ನೋಡುವುದು. ಹೆಗಲ ಮೇಲೆ ಅವರ ಕೈ ಬಿದ್ದ ಕ್ಷಣ ಹಿಂದೆ ಸರಿಯಬೇಕು ಎಂದು ಮೊದಲೇ ಮಾತಾಡಿಕೊಂಡಿರಿ.

ಕ್ಯಾಮೆರಾ ಹೊಂದಿಸುವುದು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಫ್ರೇಮ್ ದರ ಸೆಕೆಂಡಿಗೆ 25, ಶಟರ್ 1/50 ಸೆಕೆಂಡು. ಚಲನೆಯಲ್ಲಿ ಸಹಜವಾದ ಮಸುಕು ಬರುವುದು ಈ ಜೋಡಿಯಲ್ಲಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಸಂಜೆ ಸರ್ವೀಸ್ ಪಾರ್ಕ್‌ನ (ಕಾರುಗಳ ರಿಪೇರಿ ನಡೆಯುವ ಜಾಗದ) ಟ್ಯೂಬ್‌ಲೈಟ್ ಕೆಳಗೂ ಚಿತ್ರ ಮಿನುಗುವುದಿಲ್ಲ. ಬಿಸಿಲು ಹೆಚ್ಚಾಯಿತೆಂದು ಶಟರ್ ವೇಗ ಏರಿಸಬೇಡಿ. 1/1000ದಲ್ಲಿ ತೆಗೆದ ಕಾರು ಕತ್ತರಿಸಿ ಕತ್ತರಿಸಿ ಓಡಿದಂತೆ ಕಾಣುತ್ತದೆ, ಚಕ್ರ ತಿರುಗುವುದೇ ಇಲ್ಲವೇನೋ ಎನಿಸುತ್ತದೆ.

ಹಾಗಾದರೆ ಬೆಳಕು ತಗ್ಗಿಸುವುದು ಹೇಗೆ? ಎನ್‌ಡಿ ಫಿಲ್ಟರ್‌ನಿಂದ. ಸೋನಿಯ ಎಫ್‌ಎಕ್ಸ್3, ಎಫ್‌ಎಕ್ಸ್6ಗಳಲ್ಲಿ ಎಸ್-ಲಾಗ್3 (ಬೆಳಕು ನೆರಳಿನ ವಿವರ ಹೆಚ್ಚು ಉಳಿಸುವ ಚಿತ್ರೀಕರಣ ವಿಧಾನ) ಬಳಸುವಾಗ ಐಎಸ್‌ಒದ, ಅಂದರೆ ಬೆಳಕಿನ ಸಂವೇದನೆಯ, ಎರಡು ಮೂಲ ಮಟ್ಟಗಳಲ್ಲಿ ಕೆಳಗಿನದು 800. ಐಎಸ್‌ಒ 800, ಶಟರ್ 1/50, ಅಪರ್ಚರ್ ಎಫ್/5.6 ಇಟ್ಟು ಮಟ್ಟಮಧ್ಯಾಹ್ನದ ಬಿಸಿಲಿನಲ್ಲಿ ಚಿತ್ರೀಕರಿಸಬೇಕಾದರೆ ಬೆಳಕನ್ನು 1/128ಕ್ಕೆ ಇಳಿಸಬೇಕು, ಅಂದರೆ ಏಳು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು). ಎಫ್‌ಎಕ್ಸ್6ರ ಒಳಗಿರುವ ಎನ್‌ಡಿಯ ಮಿತಿಯೂ ಅದೇ. ಅದೇ ರಸ್ತೆ ಹತ್ತು ಮೀಟರ್ ಮುಂದೆ ತೋಟದ ನೆರಳಿಗೆ ಹೊಕ್ಕರೆ ಮೂರು ನಾಲ್ಕು ಸ್ಟಾಪ್ ಕತ್ತಲೆ. ಕಾರು ಬಿಸಿಲಿನಿಂದ ನೆರಳಿಗೆ ಹೋಗುವ ಜಾಗ ಆರಿಸಿಕೊಂಡಿದ್ದರೆ ನೆರಳಿಗೂ ಬಿಸಿಲಿಗೂ ನಡುವಿನ ಅಳತೆಗೆ ಹೊಂದಿಸಿ ಅಲ್ಲೇ ಬಿಡಿ. ಆಟೊ ಎಕ್ಸ್‌ಪೋಷರ್‌ಗೆ ಒಪ್ಪಿಸಿದರೆ ಧೂಳು ಎದ್ದ ಕ್ಷಣ ಇಡೀ ಚಿತ್ರ ಮಂಕಾಗುತ್ತದೆ.

ಕ್ಯಾಮೆರಾದೊಳಗೆ ಎನ್‌ಡಿ ಇಲ್ಲದವರು ಲೆನ್ಸಿನ ಮುಂದೆ ತಿರುಗಿಸುವ ಎನ್‌ಡಿ ಹಾಕಿಕೊಳ್ಳುತ್ತಾರೆ. ಅದು ಎರಡು ಪೋಲರೈಸರ್ ಗಾಜುಗಳ ಜೋಡಿ. ಕೊನೆಯವರೆಗೆ ತಿರುಗಿಸಿದರೆ ಅಗಲ ಕೋನದಲ್ಲಿ ಗುಣಾಕಾರ ಚಿಹ್ನೆಯಂಥ ಕಪ್ಪು ನೆರಳು ಬೀಳುತ್ತದೆ. ಸ್ಟೇಜ್‌ಗೆ ಹೋಗುವ ಮೊದಲೇ ಎಲ್ಲಿಯವರೆಗೆ ತಿರುಗಿಸಬಹುದು ಎಂದು ಗುರುತು ಹಾಕಿಕೊಳ್ಳಿ.

ಲೆನ್ಸ್ ಒಂದೇ ಸಾಕು. ಸ್ಟೇಜ್ ಒಳಗೆ ಲೆನ್ಸ್ ಬದಲಿಸಲು ಕ್ಯಾಮೆರಾದ ಬಾಯಿ ತೆರೆದರೆ ಕೆಂಪು ಮಣ್ಣು ನೇರ ಸೆನ್ಸರ್ ಮೇಲೆ ಕೂರುತ್ತದೆ. ಹೇರ್‌ಪಿನ್‌ಗೆ 24-105 ಅಥವಾ 70-200 ಎಂಎಂ, ಎರಡರಲ್ಲಿ ಯಾವುದು ಎಂಬುದನ್ನು ಹಿಂದಿನ ದಿನ ಜಾಗ ನೋಡಿದಾಗಲೇ ತೀರ್ಮಾನಿಸಿ.

ದೇಹವೇ ಟ್ರೈಪಾಡ್

ಟ್ರೈಪಾಡ್ ಏಕೆ ಬೇಡ? ಧರೆಯ ಮೇಲೆ ಅದರ ಮೂರು ಕಾಲಿಗೆ ಸಮ ಜಾಗ ಸಿಗುವುದಿಲ್ಲ. ಅಪಾಯ ಬಂದಾಗ ಅದನ್ನು ಬಿಟ್ಟು ಓಡಲು ಮನಸ್ಸು ಬರುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಕೈಯಲ್ಲಿ ಹಿಡಿದ ಚಿತ್ರದಲ್ಲಿ ಅಲ್ಲಿ ಒಬ್ಬ ಮನುಷ್ಯ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದಾನೆ ಎಂಬ ಭಾವ ಇರುತ್ತದೆ. ರ‍್ಯಾಲಿಗೆ ಅದು ಒಪ್ಪುತ್ತದೆ. ಆದರೆ ಕೈಯ ನಡುಕ ಬೇರೆ, ಕೈಯ ಜೀವಂತಿಕೆ ಬೇರೆ.

ಕ್ಯಾಮೆರಾ ದೇಹಕ್ಕೆ ಮೂರು ಕಡೆಯಾದರೂ ತಾಗಿರಬೇಕು. ಬಲಗೈ ಹಿಡಿಯ ಮೇಲೆ, ಎಡಗೈ ಲೆನ್ಸಿನ ಕೆಳಗೆ ಬಟ್ಟಲಿನಂತೆ, ಹುಬ್ಬು ವ್ಯೂಫೈಂಡರ್‌ಗೆ ಒತ್ತಿರಲಿ. ವ್ಯೂಫೈಂಡರ್ ಇಲ್ಲದ ಕ್ಯಾಮೆರಾ ಆದರೆ ಕುತ್ತಿಗೆಯ ಪಟ್ಟಿಯನ್ನು ಗಿಡ್ಡ ಮಾಡಿ, ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಪಟ್ಟಿ ಬಿಗಿಯಾಗುವಂತೆ ಹಿಡಿಯಿರಿ. ಮೊಣಕೈಗಳು ಪಕ್ಕೆಲುಬಿಗೆ ಅಂಟಿರಲಿ. ಮಂಡಿ ತುಸು ಮಡಚಿರಲಿ, ಸೆಟೆದ ಮಂಡಿಯಲ್ಲಿ ನಾಡಿಬಡಿತವೂ ಚಿತ್ರಕ್ಕೆ ಇಳಿಯುತ್ತದೆ. ಹಗುರವಾದ ಕ್ಯಾಮೆರಾ ಹೆಚ್ಚು ಅಲುಗುತ್ತದೆ. ಹಿಂಬದಿಗೆ ದೊಡ್ಡ ಬ್ಯಾಟರಿ ಸೇರಿಸಿ ಹೆಗಲಿಗೆ ಆನಿಸಿಕೊಂಡರೆ ತೂಕ ಮುಂದೆ ಹಿಂದೆ ಸಮವಾಗಿ ಹಂಚಿಕೆಯಾಗಿ ಮಣಿಕಟ್ಟು ದಣಿಯುವುದಿಲ್ಲ.

ಇನ್ನು ಪಾದ. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ಗೊತ್ತಾದ ದಿನ ನನ್ನ ಕೆಲಸವೇ ಬದಲಾಯಿತು. ಕಾರು ಎಡದಿಂದ ಬಂದು ಬಲಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಪಾದಗಳನ್ನು ಬಲಕ್ಕೆ, ಅಂದರೆ ಕಾರು ಮರೆಯಾಗುವ ಕಡೆಗೆ ತಿರುಗಿಸಿ ನೆಡಿ. ಆಮೇಲೆ ಸೊಂಟದಿಂದ ಮೇಲಿನ ದೇಹವನ್ನು ಎಡಕ್ಕೆ ತಿರುಚಿ ಕಾರು ಕಾಣಿಸಿಕೊಳ್ಳುವ ಜಾಗಕ್ಕೆ ಕ್ಯಾಮೆರಾ ಇಡಿ. ಕಾರು ಬಂದಂತೆ ತಿರುಚಿದ ದೇಹ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ನೀವು ಆರಾಮವಾಗಿ ನೇರ ನಿಂತಿರುತ್ತೀರಿ, ಚಿತ್ರವೂ ಮೆತ್ತಗೆ ನಿಲ್ಲುತ್ತದೆ. ಇದನ್ನೇ ತಿರುಗುಮುರುಗು ಮಾಡಿ ಆರಾಮವಾದ ಭಂಗಿಯಿಂದ ಶುರುಮಾಡಿದರೆ ಕಾರು ವೇಗ ಹೆಚ್ಚಿಸಿಕೊಂಡು ಹೋಗುವ ಹೊತ್ತಿಗೆ ನಿಮ್ಮ ಸೊಂಟ ತಿರುಗುವ ಮಿತಿ ಮುಗಿದು ಚಿತ್ರ ಜರ್ರನೆ ನಿಂತುಬಿಡುತ್ತದೆ.

ಲೆನ್ಸಿನ ಸ್ಟೆಬಿಲೈಸರ್‌ನಲ್ಲಿ (ನಡುಕ ತಡೆಯುವ ವ್ಯವಸ್ಥೆಯಲ್ಲಿ) ಪ್ಯಾನ್ ಮಾಡುವುದಕ್ಕೆಂದೇ, ಅಂದರೆ ಕಾರಿನ ಜೊತೆಗೆ ಕ್ಯಾಮೆರಾ ತಿರುಗಿಸುವುದಕ್ಕೆಂದೇ, ಬೇರೆ ವಿಧಾನವಿದ್ದರೆ ಅದಕ್ಕೆ ಹಾಕಿ. ಕ್ಯಾನನ್ ಲೆನ್ಸ್‌ಗಳಲ್ಲಿ ಅದು ಮೋಡ್ 2. ಸಾಮಾನ್ಯ ವಿಧಾನದಲ್ಲೇ ಬಿಟ್ಟರೆ ನೀವು ತಿರುಗಲು ಹೊರಟಾಗ ಅದು ನಡುಕವೆಂದು ತಿಳಿದು ಒಂದು ಕ್ಷಣ ಎಳೆದು ಹಿಡಿಯುತ್ತದೆ, ಆಮೇಲೆ ಸೋತು ಬಿಡುತ್ತದೆ. ಆ ಎಳೆತ ಪರದೆಯ ಮೇಲೆ ಎದ್ದು ಕಾಣುತ್ತದೆ.

ಅಭ್ಯಾಸಕ್ಕೆ ರ‍್ಯಾಲಿಯೇ ಬೇಕಿಲ್ಲ. ಊರಾಚೆ ಹೆದ್ದಾರಿಯ ಪಕ್ಕ, ರಸ್ತೆಯಿಂದ ಸಾಕಷ್ಟು ದೂರದಲ್ಲಿ ನಿಂತು, ಒಂದು ವಾರ ಪ್ರತಿ ಸಂಜೆ ಅರ್ಧ ಗಂಟೆ ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಪ್ಯಾನ್ ಮಾಡಿ. ಬಸ್ಸಿನ ಮುಂಗಾಜಿನ ಬೋರ್ಡು ಪೂರ್ತಿ ಓದುವಷ್ಟು ಸ್ಪಷ್ಟವಾಗಿ ಉಳಿದು ಹಿಂದಿನ ಮರಗಳು ಗೆರೆಗಳಾದರೆ ನಿಮ್ಮ ಸೊಂಟ ಪಾಠ ಕಲಿತಿದೆ.

ಫೋಕಸ್: ಕಲ್ಲೊಂದನ್ನು ಆರಿಸಿಕೊಳ್ಳಿ

ಈಗಿನ ಕ್ಯಾಮೆರಾಗಳ ಆಟೊಫೋಕಸ್ ಒಳ್ಳೆಯದೇ. ಸ್ವಚ್ಛವಾದ ಟಾರು ರಸ್ತೆಯಲ್ಲಿ ನಾನೂ ಅದನ್ನೇ ನಂಬುತ್ತೇನೆ. ಕಾಫಿ ತೋಟದಲ್ಲಿ ಅದಕ್ಕೆ ಎರಡು ಶತ್ರುಗಳು: ಮುಂದೆ ಅಡ್ಡ ಬರುವ ಎಲೆ, ಹಿಂದೆ ಏಳುವ ಧೂಳು. ಕಾರು ಕಾಣುವ ಮೊದಲು ಅದು ಎಲೆಗೆ ಅಂಟಿಕೊಂಡಿರುತ್ತದೆ. ಕಾರು ಬಂದಾಗ ಒಂದು ಕ್ಷಣ ಒದ್ದಾಡಿ ಹಿಡಿಯುತ್ತದೆ, ಧೂಳು ಎದ್ದಾಗ ಮತ್ತೆ ಕಳೆದುಕೊಳ್ಳುತ್ತದೆ.

ನನ್ನ ರೂಢಿ ಹೀಗೆ. ಹೇರ್‌ಪಿನ್‌ನ ಒಳ ಅಂಚಿನಲ್ಲಿ, ಕಾರಿನ ಮುಂಚಕ್ರ ಸವರಿಕೊಂಡು ಹೋಗುವ ಕಡೆ ಒಂದು ಕಲ್ಲನ್ನು ಆರಿಸಿಕೊಳ್ಳುತ್ತೇನೆ. ಚಿತ್ರವನ್ನು ಹಿಗ್ಗಿಸಿ ನೋಡುವ ಗುಂಡಿ ಒತ್ತಿ, ಕಲ್ಲಿನ ಮೇಲಿನ ಗೀರು ಕಾಣುವವರೆಗೆ ಮ್ಯಾನುಯಲ್ ಫೋಕಸ್ ಮಾಡುತ್ತೇನೆ. ಲೆನ್ಸಿನ ಉಂಗುರದ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಕಾರು ಮೊದಲು ಕಾಣಿಸಿಕೊಳ್ಳುವ ಮರದ ಬುಡಕ್ಕೆ ಇನ್ನೊಂದು ಗೆರೆ, ಮರೆಯಾಗುವ ಗೇಟಿಗೆ ಮೂರನೆಯದು. ಕಾರು ಮರದ ಬುಡ ದಾಟುತ್ತಿದ್ದಂತೆ ಉಂಗುರವನ್ನು ಮೊದಲ ಗೆರೆಯಿಂದ ಕಲ್ಲಿನ ಗೆರೆಗೆ ತರುವುದು, ಕಾರು ತಿರುಗುವಷ್ಟು ಹೊತ್ತು ಅಲ್ಲೇ ನಿಲ್ಲಿಸುವುದು, ಹೊರಟಾಗ ಮೂರನೆಯದಕ್ಕೆ ಹೋಗುವುದು. ಇಷ್ಟೇ ಕೆಲಸ. ಸ್ಪರ್ಧೆಗೆ ಮೊದಲು ಅದೇ ರಸ್ತೆಯಲ್ಲಿ ಓಡುವ ಸಂಘಟಕರ ಝೀರೊ ಕಾರಿನ ಮೇಲೆ ಇದನ್ನು ಒಮ್ಮೆ ಪರೀಕ್ಷಿಸಿಕೊಳ್ಳಬಹುದು. ಆ ಕಾರು ನಿಮಗೆ ಸಿಗುವ ಒಂದೇ ತಾಲೀಮು, ವ್ಯರ್ಥ ಮಾಡಬೇಡಿ.

ಒಂದು ಎಚ್ಚರಿಕೆ. ಹಲವು ಹೊಸ ಲೆನ್ಸ್‌ಗಳಲ್ಲಿ ಉಂಗುರ ನೇರವಾಗಿ ಗಾಜನ್ನು ತಿರುಗಿಸದೆ ಮೋಟಾರಿಗೆ ಸೂಚನೆ ಮಾತ್ರ ಕೊಡುತ್ತದೆ. ವೇಗವಾಗಿ ತಿರುಗಿಸಿದರೆ ಒಂದು ದೂರ, ನಿಧಾನವಾಗಿ ತಿರುಗಿಸಿದರೆ ಬೇರೊಂದು ದೂರ. ಅಂಥ ಲೆನ್ಸ್‌ನಲ್ಲಿ ಟೇಪಿನ ಗೆರೆಗೆ ಅರ್ಥವಿಲ್ಲ. ಮೆನುವಿನಲ್ಲಿ ಲೀನಿಯರ್ ಆಯ್ಕೆ (ಉಂಗುರ ತಿರುಗಿಸಿದಷ್ಟೇ ಫೋಕಸ್ ಸರಿಯುವಂಥದ್ದು) ಇದೆಯೇ ನೋಡಿ. ಇಲ್ಲದಿದ್ದರೆ ಕಲ್ಲಿನ ಮೇಲೆ ಮಾತ್ರ ಫೋಕಸ್ ಇಟ್ಟು, ಕಾರೇ ಮಸುಕಿನಿಂದ ಸ್ಪಷ್ಟತೆಗೆ ಬಂದು ಮತ್ತೆ ಮಸುಕಿಗೆ ಹೋಗಲು ಬಿಡಿ. ನನಗೆ ಬಹಳ ಇಷ್ಟವಾದ ಕೆಲವು ದೃಶ್ಯಗಳು ಹೀಗೆ ಉಂಗುರ ಮುಟ್ಟದೆ ತೆಗೆದವು.

ವಾಲುವ ಮರಗಳು

ಮೊದಲ ಸಲ ಪ್ಯಾನ್ ಮಾಡಿದ ದೃಶ್ಯ ನೋಡಿದಾಗ ನೆಟ್ಟಗೆ ನಿಂತಿದ್ದ ಸಿಲ್ವರ್ ಓಕ್ ಮರಗಳೆಲ್ಲ ಬಿರುಗಾಳಿಗೆ ಸಿಕ್ಕಂತೆ ಒಂದೇ ಕಡೆಗೆ ವಾಲಿದ್ದವು. ಕ್ಯಾಮೆರಾ ಓರೆಯಾಗಿತ್ತೇನೋ ಎಂದುಕೊಂಡೆ. ಕಾರಣ ಬೇರೆ. ಬಹುತೇಕ ಸೆನ್ಸರ್‌ಗಳು ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತವೆ. ಮೇಲಿನ ಸಾಲು ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಕ್ಯಾಮೆರಾ ತಿರುಗಿರುತ್ತದೆ, ಮರದ ಬುಡ ಪಕ್ಕಕ್ಕೆ ಸರಿದಿರುತ್ತದೆ. ಇದನ್ನೇ ರೋಲಿಂಗ್ ಶಟರ್ ದೋಷ ಎನ್ನುವುದು. ಸೆನ್ಸರ್ ಎಷ್ಟು ಬೇಗ ಓದುತ್ತದೋ ಮರ ಅಷ್ಟು ಕಡಿಮೆ ವಾಲುತ್ತದೆ.

ಕ್ಯಾಮೆರಾ ಬದಲಿಸಲಾಗದವರು ಹಿನ್ನೆಲೆ ಬದಲಿಸಬಹುದು. ಸಾಲು ಮರಗಳ ಬದಲು ಧರೆಯ ಕೆಂಪು ಮಣ್ಣೋ ಕಾಫಿ ಗಿಡಗಳ ಗುಂಪು ಹಸಿರೋ ಹಿಂದೆ ಬರುವಂತೆ ನಿಂತರೆ ವಾಲಲು ನೆಟ್ಟಗಿನ ಗೆರೆಯೇ ಇರುವುದಿಲ್ಲ. ಅಪರ್ಚರ್ ತುಸು ತೆರೆದು ಮರಗಳನ್ನು ಮಸುಕಾಗಿಸುವುದು ಇನ್ನೊಂದು ದಾರಿ. ಹೇರ್‌ಪಿನ್‌ನಲ್ಲಿ ಕಾರು ನಿಧಾನವಾಗುವುದರಿಂದ ಪ್ಯಾನ್ ಕೂಡ ನಿಧಾನವಾಗಿ, ದೋಷ ಕಡಿಮೆಯಾಗುತ್ತದೆ. ನಾನು ಮತ್ತೆ ಮತ್ತೆ ಹೇರ್‌ಪಿನ್ ಎನ್ನುತ್ತಿರುವುದಕ್ಕೆ ಇದೂ ಒಂದು ಕಾರಣ.

ಶಬ್ದ

ಧ್ವನಿಯ ಮಟ್ಟವನ್ನು ಆಟೊದಲ್ಲಿ ಬಿಟ್ಟರೆ ಹೀಗಾಗುತ್ತದೆ: ತೋಟ ಮೌನವಾಗಿದೆ ಎಂದು ಕ್ಯಾಮೆರಾ ತನ್ನ ಕಿವಿಯನ್ನು ಹಿಗ್ಗಿಸಿಕೊಂಡು ಜೀರುಂಡೆಯ ಸದ್ದನ್ನೂ ಹಿಡಿಯುತ್ತಿರುತ್ತದೆ. ಕಾರು ನುಗ್ಗಿದ ಕ್ಷಣ ಶಬ್ದ ಒಡೆದು ಕರಕರ ಎನ್ನುತ್ತದೆ. ಒಡೆದ ಶಬ್ದವನ್ನು ಆಮೇಲೆ ಸರಿಪಡಿಸಲಾಗುವುದಿಲ್ಲ. ಎರಡು ಚಾನೆಲ್‌ಗಳನ್ನೂ ಕೈಯಿಂದಲೇ ಹೊಂದಿಸಿ. ಒಂದನ್ನು ಕಾಡಿನ ಮೌನಕ್ಕೆ, ಇನ್ನೊಂದನ್ನು ಅದಕ್ಕಿಂತ 12 ಡೆಸಿಬೆಲ್ ಕೆಳಗೆ, ಎಂಜಿನ್‌ಗೆ. ಮೈಕ್‌ಗೆ ತುಪ್ಪಳದ ಹೊದಿಕೆ ಹಾಕಿ. ಸೀಟಿ ಕೇಳುವ ಮೊದಲೇ, ಕಣಿವೆಯಾಚೆ ಮೊರೆತ ಶುರುವಾದಾಗಲೇ ರೆಕಾರ್ಡ್ ಒತ್ತಿ. ಕಾರು ಹೋದ ಮೇಲೂ ಎಲೆಗಳ ಮೇಲಿಂದ ಮಣ್ಣು ಉದುರುವ ಸದ್ದು ಮುಗಿಯುವವರೆಗೆ ನಿಲ್ಲಿಸಬೇಡಿ. ಸಂಕಲನದಲ್ಲಿ ಇವೇ ಎರಡು ತುದಿಗಳು ನಿಮ್ಮ ಕೈ ಹಿಡಿಯುತ್ತವೆ.

ಸರ್ವೀಸ್ ಪಾರ್ಕ್‌ಗೆ ಹೋಗಿ

ಕಾರುಗಳು ಓಡುವುದನ್ನಷ್ಟೇ ತೆಗೆದ ರ‍್ಯಾಲಿ ವಿಡಿಯೊ ಐದು ನಿಮಿಷಕ್ಕೆ ಸಾಕೆನಿಸುತ್ತದೆ. ಚಿಕ್ಕಮಗಳೂರು 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತನ್ನು ಕಂಡ ಊರು. ಆ ವರ್ಷದ ಪ್ರಶಸ್ತಿಯನ್ನು ಗೆದ್ದದ್ದು ಭಾರತದ ಗೌರವ್ ಗಿಲ್. ಅಂಥ ಚಾಲಕರ ಹಿಂದೆ ಎಷ್ಟು ಕೈಗಳು ದುಡಿಯುತ್ತವೆ ಎಂಬುದು ಕಾಣುವುದು ಸರ್ವೀಸ್ ಪಾರ್ಕ್‌ನಲ್ಲಿ. ಕೊಟ್ಟ ನಿಮಿಷಗಳೊಳಗೆ ಕೆಲಸ ಮುಗಿಸದಿದ್ದರೆ ದಂಡದ ಸಮಯ ಬೀಳುತ್ತದೆ, ಹಾಗಾಗಿ ಮೆಕ್ಯಾನಿಕ್‌ಗಳು ಮಾತಿಲ್ಲದೆ ಕೆಲಸ ಮಾಡುತ್ತಾರೆ. ದೊಡ್ಡ ಸೆನ್ಸರ್ ಇಲ್ಲಿ ತನ್ನ ಪೂರ್ತಿ ಬೆಲೆ ತೋರಿಸುತ್ತದೆ. 35 ಎಂಎಂ, ಎಫ್/2.8, ಒಂದು ಮೀಟರ್ ದೂರ. ಚಕ್ರದ ಒಳಗೆ ಸಿಕ್ಕಿದ ಕಲ್ಲನ್ನು ಸ್ಕ್ರೂಡ್ರೈವರ್‌ನಿಂದ ಕೀಳುವ ಬೆರಳು. ಸಹಚಾಲಕರು ತಿರುವುಗಳ ವಿವರ ಬರೆದಿಟ್ಟುಕೊಳ್ಳುವ ಪೇಸ್ ನೋಟ್ಸ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಹೊಸದಾಗಿ ಬರೆದ ಅಕ್ಷರ. ಹೆಲ್ಮೆಟ್ ಪಟ್ಟಿ ಬಿಗಿಯುವಾಗ ಕತ್ತಿನ ಮೇಲಿನ ಬೆವರು. ಅವರ ದಾರಿಗೆ ಅಡ್ಡ ಬರಬೇಡಿ. ಒಂದು ಮೂಲೆ ಹಿಡಿದು ನಿಂತು, ಜೂಮ್ ಮಾಡದೆ ಹತ್ತು ಸೆಕೆಂಡು ಒಂದೇ ಚಿತ್ರ ಹಿಡಿಯಿರಿ. ಇಲ್ಲಿ ಆಟೊಫೋಕಸ್ ಬಳಸಬಹುದು, ಆದರೆ ಅದರ ವೇಗವನ್ನು ತಗ್ಗಿಸಿ. ಮುಖದಿಂದ ಕೈಗೆ ಹೋಗುವಾಗ ಅದು ನೆಗೆಯದೆ ಜಾರಬೇಕು.

ಚೆನ್ನೈ ಬಳಿಯ ಇರುಂಗಾಟುಕೋಟೈ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ಗೆ ಹೋಗುವವರಿಗೆ ಒಂದು ಉಪಾಯ ಹೇಳುತ್ತೇನೆ. ಅಲ್ಲಿ ತಂತಿ ಬೇಲಿ ಅಡ್ಡ ಬರುತ್ತದೆ. ಕಾವಲಿನವರು ಬಿಡುವ ಜಾಗದಲ್ಲಿ ಲೆನ್ಸನ್ನು ಬೇಲಿಗೆ ಆದಷ್ಟು ಹತ್ತಿರ ಹಿಡಿದು, 200 ಎಂಎಂನಲ್ಲಿ ಎಫ್/2.8 ತೆರೆದರೆ ತಂತಿ ಕರಗಿ ಮಾಯವಾಗುತ್ತದೆ. ಬೇಲಿಯ ಮೇಲೆ ಬಿಸಿಲು ಬಿದ್ದಿದ್ದರೆ ಕರಗುವುದಿಲ್ಲ, ನೆರಳಿನ ಭಾಗ ಹುಡುಕಿ.

ದಿನದ ಕೊನೆಗೆ

ಕೊನೆಯ ಸ್ಪರ್ಧಿಯ ಹಿಂದೆ ರಸ್ತೆ ಪರಿಶೀಲಿಸುತ್ತ ಬರುವ ಸ್ವೀಪ್ ಕಾರು ಹೋಗುವವರೆಗೆ ರಸ್ತೆಗೆ ಇಳಿಯಬೇಡಿ. ಕೋಣೆಗೆ ಬಂದ ಮೇಲೆ ಲೆನ್ಸಿನ ಧೂಳನ್ನು ಬಟ್ಟೆಯಿಂದ ಒರೆಸುವ ಆತುರ ಬೇಡ. ಕೆಂಪು ಮಣ್ಣಿನಲ್ಲಿ ಸಣ್ಣ ಹರಳುಗಳಿರುತ್ತವೆ, ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ಗಾಳಿಯ ಬಲ್ಬ್‌ನಿಂದ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಬಟ್ಟೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ಕಾರ್ಡ್‌ಗಳನ್ನು ಎರಡು ಡಿಸ್ಕ್‌ಗಳಿಗೆ ನಕಲು ಮಾಡಿ, ಎರಡನ್ನೂ ತೆರೆದು ನೋಡುವವರೆಗೆ ಯಾವ ಕಾರ್ಡನ್ನೂ ಅಳಿಸಬೇಡಿ.

ಆಮೇಲೆ, ಎಷ್ಟೇ ದಣಿದಿದ್ದರೂ ಅಂದಿನ ದೃಶ್ಯಗಳನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ನೋಡಿ. ಯಾವ ಗೆರೆಯಲ್ಲಿ ಫೋಕಸ್ ತಪ್ಪಿತು, ಯಾವ ಕಾರಿಗೆ ಪ್ಯಾನ್ ತಡವಾಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಳೆ ಅದೇ ಸ್ಟೇಜ್ ಮತ್ತೆ ಓಡುವುದಾದರೆ ಎಲ್ಲಿ ನಿಲ್ಲಬೇಕೆಂದು ನಕ್ಷೆಯಲ್ಲಿ ಗುರುತು ಹಾಕಿ, ಬ್ಯಾಟರಿಗಳನ್ನೆಲ್ಲ ಚಾರ್ಜ್‌ಗೆ ಇಟ್ಟು, ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡು ಮಲಗಿ.